ಉಳಿಸಿದ ಪುಟ ಉಳಿದೀತೆ?

2025ರ ಜುಲೈ 8ರಂದು ‘ಪಾಕೆಟ್’ ಬಾಗಿಲು ಹಾಕಿತು. ಜಾಲದಲ್ಲಿ ಕಣ್ಣಿಗೆ ಬಿದ್ದ ಲೇಖನವನ್ನು ಒಂದು ಗುಂಡಿ ಒತ್ತಿ ಎತ್ತಿಟ್ಟು, ಬಿಡುವಾದಾಗ ಜಾಹೀರಾತಿನ ಕಾಟವಿಲ್ಲದೆ ಓದಿಕೊಳ್ಳಲು ನೆರವಾಗುತ್ತಿದ್ದ ಸೇವೆ ಅದು. ನೇಟ್ ವೀನರ್ 2007ರಲ್ಲಿ ‘ರೀಡ್ ಇಟ್ ಲೇಟರ್’ ಎಂಬ ಹೆಸರಿನಲ್ಲಿ ಅದನ್ನು ಆರಂಭಿಸಿದ್ದರು. 2012ರಲ್ಲಿ ಪಾಕೆಟ್ ಆಯಿತು, 2017ರಲ್ಲಿ ಫೈರ್‌ಫಾಕ್ಸ್ ಬ್ರೌಸರ್ ತಯಾರಿಸುವ ಮೊಜಿಲ್ಲಾದ ಕೈ ಸೇರಿತು. ಮುಚ್ಚುವ ಹೊತ್ತಿಗೆ, ಸಂಗ್ರಹವನ್ನು ಇಳಿಸಿಕೊಳ್ಳಿ ಎಂದು ಬಳಕೆದಾರರಿಗೆ ಕೆಲವು ತಿಂಗಳ ಗಡುವು ಸಿಕ್ಕಿತು. ಇಳಿಸಿಕೊಂಡವರ ಕೈಗೆ ಬಂದದ್ದು ಶೀರ್ಷಿಕೆ ಮತ್ತು ವಿಳಾಸಗಳ ಪಟ್ಟಿ. ಲೇಖನಗಳ ಪಠ್ಯ ಅದರಲ್ಲಿರಲಿಲ್ಲ. ವರ್ಷಗಟ್ಟಲೆ ಲೇಖನ ಕೂಡಿಟ್ಟಿದ್ದೇವೆ ಎಂದುಕೊಂಡಿದ್ದವರ ಬಳಿ ಉಳಿದದ್ದು ಅವು ಒಂದು ಕಾಲಕ್ಕೆ ಎಲ್ಲಿದ್ದವು ಎಂಬ ಮಾಹಿತಿ ಮಾತ್ರ.

ಜಾಲಪುಟಗಳನ್ನು ಉಳಿಸುವ ಬಗೆಗಿನ ಗೊಂದಲದ ಬೇರು ಇಲ್ಲಿದೆ. ವಿಳಾಸ ಇಟ್ಟುಕೊಳ್ಳುವುದು ಒಂದು ಕೆಲಸ, ಪುಟ ಇಟ್ಟುಕೊಳ್ಳುವುದು ಇನ್ನೊಂದು. ನಾಳೆ ಓದೋಣ ಎಂದು ಎತ್ತಿಡುವುದು ಒಂದು ಉದ್ದೇಶ, ಹತ್ತು ವರ್ಷ ಕಳೆದ ಮೇಲೂ ಆಧಾರವಾಗಿ ತೋರಿಸಬೇಕು ಎಂದು ಎತ್ತಿಡುವುದು ಇನ್ನೊಂದು. ಮೂವತ್ತು ವರ್ಷಗಳಲ್ಲಿ ಬಂದುಹೋದ ಸಲಕರಣೆಗಳಲ್ಲಿ ಹೆಚ್ಚಿನವು ಇವೆಲ್ಲವನ್ನೂ ‘ಸೇವ್’ ಎಂಬ ಒಂದೇ ಗುಂಡಿಯಲ್ಲಿ ಅಡಗಿಸಿದವು. ಅವನ್ನು ಬಿಡಿಸಿಟ್ಟು ನೋಡದೆ ಯಾವ ಸಲಕರಣೆ ಒಳ್ಳೆಯದು ಎಂದು ಕೇಳುವುದರಲ್ಲಿ ಅರ್ಥವಿಲ್ಲ.

ಮೆಮೆಕ್ಸ್‌ನಿಂದ ಬುಕ್‌ಮಾರ್ಕ್‌ವರೆಗೆ

ಓದಿದ್ದನ್ನು ಕೂಡಿಟ್ಟು ಬೇಕಾದಾಗ ಹೊರತೆಗೆಯುವ ಯಂತ್ರದ ಕನಸು ಜಾಲಕ್ಕಿಂತ ಹಳೆಯದು. ಅಮೆರಿಕದ ಎಂಜಿನಿಯರ್ ವನ್ನೆವರ್ ಬುಷ್ 1945ರ ಜುಲೈನಲ್ಲಿ ‘ಅಟ್ಲಾಂಟಿಕ್ ಮಂತ್ಲಿ’ ಪತ್ರಿಕೆಯಲ್ಲಿ ‘ಮೆಮೆಕ್ಸ್’ ಎಂಬ ಮೇಜೊಂದನ್ನು ಬಣ್ಣಿಸಿದರು. ಪುಸ್ತಕ, ಪತ್ರ, ಟಿಪ್ಪಣಿಗಳೆಲ್ಲ ಮೈಕ್ರೊಫಿಲ್ಮ್ ರೂಪದಲ್ಲಿ ಆ ಮೇಜಿನೊಳಗೇ ಇರುತ್ತವೆ. ಓದುಗ ಒಂದರಿಂದ ಇನ್ನೊಂದಕ್ಕೆ ತನ್ನದೇ ಜಾಡು ಹೆಣೆದುಕೊಳ್ಳುತ್ತಾನೆ. ಆ ಮೇಜು ಎಂದೂ ತಯಾರಾಗಲಿಲ್ಲ. ಆದರೆ ಬುಷ್ ಅವರ ಕಲ್ಪನೆಯಲ್ಲಿ ಜಾಡೂ ಓದುಗನದು, ಜಾಡು ಹಾಯುವ ಪುಟಗಳೂ ಓದುಗನ ಬಳಿಯವು.

ಟಿಮ್ ಬರ್ನರ್ಸ್-ಲೀ 1989ರಲ್ಲಿ ಯುರೋಪಿನ ಭೌತವಿಜ್ಞಾನ ಸಂಶೋಧನಾ ಕೇಂದ್ರ ಸರ್ನ್‌ನಲ್ಲಿ ಪ್ರಸ್ತಾಪಿಸಿದ ವ್ಯವಸ್ಥೆ ಮುಂದೆ ವೆಬ್ ಆಗಿ ಬೆಳೆದಾಗ ಜಾಡು ಉಳಿಯಿತು, ಪುಟ ದೂರವಾಯಿತು. ಪುಟವಿರುವುದು ಪ್ರಕಟಿಸಿದವರ ಸರ್ವರಿನಲ್ಲಿ. ಕೊಂಡಿ ಅದರ ವಿಳಾಸ ಹೇಳುತ್ತದೆ, ಅಷ್ಟೆ. ಒಂದು ತುದಿ ಕಳಚಿದರೆ ಇನ್ನೊಂದು ತುದಿಗೆ ಸುದ್ದಿ ಮುಟ್ಟುವುದಿಲ್ಲ. ಈ ಸಡಿಲತೆಯಿಂದಲೇ ವೆಬ್ ಯಾರ ಅಪ್ಪಣೆಗೂ ಕಾಯದೆ ಬೆಳೆಯಿತು, ಇದೇ ಕಾರಣಕ್ಕೆ ಉದುರುತ್ತಲೂ ಇದೆ. 1993ರ ಮೊಸಾಯಿಕ್ ಬ್ರೌಸರಿನ ‘ಹಾಟ್‌ಲಿಸ್ಟ್’, ನೆಟ್‌ಸ್ಕೇಪ್‌ನ ‘ಬುಕ್‌ಮಾರ್ಕ್’, ಇಂಟರ್‌ನೆಟ್ ಎಕ್ಸ್‌ಪ್ಲೋರರಿನ ‘ಫೇವರಿಟ್ಸ್’ ಎಲ್ಲವೂ ಮನೆ ನಂಬರು ಬರೆದಿಟ್ಟುಕೊಂಡಂತೆ. ಮನೆಯವರು ಊರು ಬಿಟ್ಟರೆ ನಂಬರಿನಿಂದ ಏನೂ ಸಿಗದು.

2003ರಲ್ಲಿ ಜೋಶುವಾ ಶಾಕ್ಟರ್ ‘ಡೆಲಿಶಸ್’ ಮೂಲಕ ಬುಕ್‌ಮಾರ್ಕನ್ನು ಬ್ರೌಸರಿನಿಂದ ಬಿಡಿಸಿ ಜಾಲಕ್ಕೇ ಒಯ್ದರು. ಫೋಲ್ಡರಿನ ಜಾಗಕ್ಕೆ ಟ್ಯಾಗ್ ಬಂತು, ಒಬ್ಬರ ಸಂಗ್ರಹವನ್ನು ಇನ್ನೊಬ್ಬರು ನೋಡುವಂತಾಯಿತು. 2005ರಲ್ಲಿ ಯಾಹೂ ಅದನ್ನು ಕೊಂಡಿತು, 2011ರಲ್ಲಿ ಮಾರಿತು. ಇನ್ನೂ ಕೈ ಬದಲಾಗಿ 2017ರಲ್ಲಿ ಪುಟ್ಟ ಪ್ರತಿಸ್ಪರ್ಧಿ ‘ಪಿನ್‌ಬೋರ್ಡ್’ ಅದನ್ನು ಕೊಂಡು, ಹೊಸದೇನನ್ನೂ ಸೇರಿಸಲಾಗದಂತೆ ನಿಲ್ಲಿಸಿತು. 2008ರಲ್ಲಿ ಮಾರ್ಕೊ ಆರ್ಮೆಂಟ್ ತಂದ ‘ಇನ್‌ಸ್ಟಾಪೇಪರ್’ ಒಂದು ಹೆಜ್ಜೆ ಮುಂದೆ ಹೋಯಿತು. ಪುಟದ ಅಲಂಕಾರ, ಜಾಹೀರಾತುಗಳನ್ನು ಕಿತ್ತು ಪಠ್ಯವನ್ನಷ್ಟೇ ಇಳಿಸಿಕೊಟ್ಟಿತು. ಅದೂ ಬೀಟಾವರ್ಕ್ಸ್, ಪಿಂಟರೆಸ್ಟ್ ಎಂದು ಒಡೆಯರನ್ನು ಬದಲಿಸಿ 2018ರಲ್ಲಿ ಮತ್ತೆ ಸ್ವತಂತ್ರವಾಯಿತು. ಮುಕ್ತ ತಂತ್ರಾಂಶವೆಂದು ಜನ ನೆಚ್ಚಿದ್ದ ‘ಆಮ್ನಿವೋರ್’ ಸೇವೆ 2024ರ ನವೆಂಬರಿನಲ್ಲಿ ನಿಂತಿತು. ಪುಟಗಳು ಅಳಿಯುತ್ತವೆ ಎಂಬ ಭಯಕ್ಕೆ ಹುಟ್ಟಿಕೊಂಡ ಸೇವೆಗಳೇ ಎಷ್ಟೋ ಪುಟಗಳಿಗಿಂತ ಮೊದಲು ಅಳಿದವು.

ಪುಟ ಮಾಯವಾಗುವ ಬಗೆ

ಭಯಕ್ಕೆ ಆಧಾರವಿದೆ. ಅಮೆರಿಕದ ಪ್ಯೂ ರಿಸರ್ಚ್ ಸೆಂಟರ್ 2024ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2013ರಲ್ಲಿದ್ದ ಜಾಲಪುಟಗಳಲ್ಲಿ ಶೇ 38ರಷ್ಟು ಹತ್ತು ವರ್ಷಗಳ ನಂತರ ತೆರೆಯುತ್ತಿರಲಿಲ್ಲ. ಇಂಗ್ಲಿಷ್ ವಿಕಿಪೀಡಿಯದ ಶೇ 54ರಷ್ಟು ಪುಟಗಳ ಉಲ್ಲೇಖಗಳಲ್ಲಿ ಕನಿಷ್ಠ ಒಂದಾದರೂ ಸತ್ತ ಕೊಂಡಿಯಿತ್ತು. ಅದಕ್ಕೂ ಮೊದಲು ಹಾರ್ವರ್ಡ್‌ನ ಜೊನಾಥನ್ ಜಿಟ್ರೇನ್, ಕೆಂಡ್ರಾ ಆಲ್ಬರ್ಟ್, ಲಾರೆನ್ಸ್ ಲೆಸಿಗ್ ಅಮೆರಿಕದ ಸುಪ್ರೀಂ ಕೋರ್ಟಿನ ತೀರ್ಪುಗಳಲ್ಲಿದ್ದ ಕೊಂಡಿಗಳನ್ನು ಪರಿಶೀಲಿಸಿದ್ದರು. ಸುಮಾರು ಅರ್ಧದಷ್ಟು ಕೊಂಡಿಗಳಲ್ಲಿ, ತೀರ್ಪು ಆಧರಿಸಿದ್ದ ಮಾಹಿತಿ ಇರಲಿಲ್ಲ.

ಇಲ್ಲಿ ಎರಡು ಬಗೆಯ ನಷ್ಟವಿದೆ. ಮೊದಲನೆಯದು ಕೊಂಡಿ ಕಳಚುವುದು. ಡೊಮೇನ್ ಹೆಸರಿನ ವಾರ್ಷಿಕ ಶುಲ್ಕ ಕಟ್ಟಲು ಮರೆತರೆ ತಾಣ ಹೋಯಿತು. ಪತ್ರಿಕೆ ತನ್ನ ತಾಣವನ್ನು ಹೊಸ ವಿನ್ಯಾಸಕ್ಕೆ ಒಗ್ಗಿಸುವಾಗ ಹಳೆಯ ವಿಳಾಸಗಳಿಗೆ ದಾರಿ ತೋರಿಸದಿದ್ದರೆ ಲೇಖನ ಎಲ್ಲೋ ಇದ್ದರೂ ಸಿಗದು. ಕಂಪನಿ ಸೇವೆಯನ್ನೇ ನಿಲ್ಲಿಸಿದರೆ ಇಡೀ ಕೇರಿಯೇ ಮಾಯ. ಜಿಯೊಸಿಟೀಸ್ 2009ರಲ್ಲಿ, ಆರ್ಕುಟ್ 2014ರಲ್ಲಿ, ಗೂಗಲ್ ಪ್ಲಸ್ 2019ರಲ್ಲಿ ಹೀಗೆ ಹೋದವು. ಆರ್ಕುಟ್ ಜೊತೆಗೆ ಕನ್ನಡಿಗರ ಸಮುದಾಯ ಪುಟಗಳೂ ಹೋದವು.

ಎರಡನೆಯದು ಒಳಗಿನದು ಬದಲಾಗುವುದು. ಕೊಂಡಿ ಒತ್ತಿದರೆ ಪುಟ ತೆರೆಯುತ್ತದೆ, ಆದರೆ ನಾವು ಉಲ್ಲೇಖಿಸಿದ ಸಾಲು ಅಲ್ಲಿಲ್ಲ. ಸುದ್ದಿಯ ಅಂಕಿ ತಿದ್ದಲಾಗಿದೆ, ಇಲಾಖೆಯ ಸುತ್ತೋಲೆಯ ಜಾಗದಲ್ಲಿ ಈ ವರ್ಷದ್ದು ಕೂತಿದೆ. ಮೊದಲನೆಯ ನಷ್ಟ ಕಣ್ಣಿಗೆ ಕಾಣುತ್ತದೆ. ಇದು ಕಾಣುವುದಿಲ್ಲ, ಮೇಲಾಗಿ ಉಲ್ಲೇಖಿಸಿದವರನ್ನೇ ಸುಳ್ಳುಗಾರರನ್ನಾಗಿ ಮಾಡುತ್ತದೆ. ಓದಲು ಎತ್ತಿಟ್ಟವರಿಗೆ ಮೊದಲನೆಯದು ಸಾಕಷ್ಟು ತೊಂದರೆ. ಆಧಾರಕ್ಕೆ ಎತ್ತಿಟ್ಟವರಿಗೆ ಎರಡನೆಯದು ಇನ್ನೂ ಅಪಾಯ.

ಯಾವ ರೂಪದಲ್ಲಿ ಇಡುವುದು?

ನಾಳೆ ನಾಡಿದ್ದರಲ್ಲಿ ಓದಿ ಮುಗಿಸುವುದಕ್ಕೆ ವಿಳಾಸ ಸಾಕು. ಬ್ರೌಸರಿನಲ್ಲೇ ಇರುವ ‘ರೀಡಿಂಗ್ ಲಿಸ್ಟ್’ ಸಾಲುತ್ತದೆ. ಪ್ರಯಾಣದಲ್ಲಿ ನೆಟ್‌ವರ್ಕ್ ಇಲ್ಲದೆ ಓದಬೇಕಾದವರಿಗೆ ಇನ್‌ಸ್ಟಾಪೇಪರಿನಂಥ ಆ್ಯಪ್ ಅನುಕೂಲ. ಸ್ವಂತ ಸರ್ವರ್ ನಡೆಸಬಲ್ಲವರಿಗೆ ‘ವಾಲಬ್ಯಾಗ್’ ಎಂಬ ಮುಕ್ತ ತಂತ್ರಾಂಶವಿದೆ, ಅದು ಪಠ್ಯವನ್ನು ನಮ್ಮಲ್ಲೇ ಇಡುತ್ತದೆ. ಇಲ್ಲಿ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. ಓದಿ ಮುಗಿದ ಪುಟ ಪಟ್ಟಿಯಿಂದ ಹೋದರೆ ನಷ್ಟವೇನೂ ಇಲ್ಲ.

ಆಧಾರಕ್ಕೆ ಇಡುವಾಗ ಪ್ರತಿಯೇ ಬೇಕು. ನಮ್ಮಲ್ಲಿ ಹೆಚ್ಚು ಜನ ಮಾಡುವುದು ಸ್ಕ್ರೀನ್‌ಶಾಟ್. ಮೊಬೈಲಿನಲ್ಲಿ ಅದು ಸುಲಭ, ಆದರೆ ಪಠ್ಯ ಚಿತ್ರವಾಗಿಬಿಡುತ್ತದೆ, ವಿಳಾಸವೂ ದಿನಾಂಕವೂ ಬಹಳ ಸಲ ಅದರಲ್ಲಿರುವುದಿಲ್ಲ, ತಿದ್ದುವುದೂ ಸಲೀಸು. ಎರಡನೆಯದು ಪಿಡಿಎಫ್. ಮುದ್ರಣಕ್ಕೆ ಒಳ್ಳೆಯದು, ಎಲ್ಲೆಡೆ ತೆರೆಯುತ್ತದೆ. ಆದರೆ ಉದ್ದದ ಪುಟವನ್ನು ಕಾಗದದ ಅಳತೆಗೆ ಕತ್ತರಿಸುವಾಗ ಚಿತ್ರ, ಕೋಷ್ಟಕಗಳು ಚದುರುತ್ತವೆ.

ಪುಟವನ್ನು ಇದ್ದಂತೆಯೇ ಇಡುವ ರೂಪಗಳೂ ಇವೆ. ಕ್ರೋಮ್ ಬ್ರೌಸರಿನಲ್ಲಿ ಇಡೀ ಪುಟವನ್ನು ಒಂದೇ ಫೈಲಾಗಿ ಇಳಿಸುವ ಆಯ್ಕೆ ಎಂಎಚ್‌ಟಿಎಂಎಲ್ ರೂಪದ್ದು. 1999ರಿಂದ ಇರುವ ಮಾನಕ ಅದು, ಆದರೂ ಫೈರ್‌ಫಾಕ್ಸ್ ತಾನಾಗಿ ಅದನ್ನು ತೆರೆಯುವುದಿಲ್ಲ. ಗಿಲ್ಡಾಸ್ ಲಾರ್ಮೊ ರೂಪಿಸಿದ ‘ಸಿಂಗಲ್‌ಫೈಲ್’ ಎಂಬ ಉಚಿತ ಎಕ್ಸ್‌ಟೆನ್ಷನ್ ಈ ತೊಡಕನ್ನು ಬಿಡಿಸುತ್ತದೆ. ಚಿತ್ರ, ವಿನ್ಯಾಸ, ಫಾಂಟ್ ಎಲ್ಲವನ್ನೂ ಒಂದೇ ಎಚ್‌ಟಿಎಂಎಲ್ ಫೈಲಿನೊಳಗೆ ತುಂಬಿಸುತ್ತದೆ. ಯಾವ ಬ್ರೌಸರ್ ಆದರೂ ತೆರೆಯುತ್ತದೆ, ಪಠ್ಯ ಪಠ್ಯವಾಗಿಯೇ ಉಳಿಯುತ್ತದೆ. ಸಾಮಾನ್ಯ ಓದುಗರಿಗೆ ಸದ್ಯಕ್ಕೆ ಇದಕ್ಕಿಂತ ಸರಳ, ಭದ್ರ ದಾರಿ ಇನ್ನೊಂದಿಲ್ಲ. ಸಂಶೋಧಕರಿಗೆ ‘ಜೊಟೆರೊ’ ಉತ್ತಮ. ಅಮೆರಿಕದ ಜಾರ್ಜ್ ಮೇಸನ್ ವಿಶ್ವವಿದ್ಯಾಲಯದಲ್ಲಿ 2006ರಲ್ಲಿ ಹುಟ್ಟಿದ ಈ ತಂತ್ರಾಂಶ ಲೇಖಕ, ಶೀರ್ಷಿಕೆ, ನೋಡಿದ ದಿನಾಂಕಗಳನ್ನು ತಾನೇ ಹೆಕ್ಕಿ, ಪುಟದ ಪ್ರತಿಯನ್ನೂ ಕಂಪ್ಯೂಟರಿನಲ್ಲೇ ಇಡುತ್ತದೆ. ಗ್ರಂಥಾಲಯಗಳು ಬಳಸುವುದು ‘ವಾರ್ಕ್’ ಎಂಬ ಅಂತರರಾಷ್ಟ್ರೀಯ ಮಾನಕ ರೂಪವನ್ನು. ಸರ್ವರ್ ಏನು ಉತ್ತರ ಕೊಟ್ಟಿತು ಎಂಬುದನ್ನೂ ಅದು ದಾಖಲಿಸುತ್ತದೆ. ಮನೆ ಬಳಕೆಗೆ ಅಷ್ಟು ಬೇಕಾಗದು.

ಸ್ವಂತ ಪ್ರತಿ ಎಷ್ಟೇ ಚೆನ್ನಾಗಿದ್ದರೂ ಇನ್ನೊಬ್ಬರು ಅದನ್ನು ನಂಬಬೇಕಾಗಿಲ್ಲ. ಅದಕ್ಕೆ ಮೂರನೆಯವರ ಬಳಿ ಪ್ರತಿಯಿರಬೇಕು. ಬ್ರೂಸ್ಟರ್ ಕೇಲ್ 1996ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಆರಂಭಿಸಿದ ಇಂಟರ್‌ನೆಟ್ ಆರ್ಕೈವ್ ಈ ಕೆಲಸ ಮಾಡುತ್ತಿದೆ. 2001ರಲ್ಲಿ ಅದರ ‘ವೇಬ್ಯಾಕ್ ಮಷೀನ್’ ಸಾರ್ವಜನಿಕರಿಗೆ ತೆರೆಯಿತು. 2025ರ ಅಕ್ಟೋಬರಿನಲ್ಲಿ ಅಲ್ಲಿ ಉಳಿಸಿದ ಪುಟಗಳ ಸಂಖ್ಯೆ 1 ಲಕ್ಷ ಕೋಟಿ ಮುಟ್ಟಿತು. ಯಾರು ಬೇಕಾದರೂ ಒಂದು ವಿಳಾಸ ಕೊಟ್ಟು ಆ ಕ್ಷಣದ ಪ್ರತಿ ತೆಗೆಸಬಹುದು, ಪ್ರತಿಗೆ ದಿನಾಂಕ ಮತ್ತು ವೇಳೆಯಿರುವ ಹೊಸ ವಿಳಾಸ ಸಿಗುತ್ತದೆ. ಹಾರ್ವರ್ಡ್ ಕಾನೂನು ಗ್ರಂಥಾಲಯ 2013ರಲ್ಲಿ ಆರಂಭಿಸಿದ ‘ಪರ್ಮಾ’ ಸೇವೆ ವಿದ್ವತ್ ಲೇಖನಗಳಿಗೂ ನ್ಯಾಯಾಲಯಗಳಿಗೂ ಇದನ್ನೇ ಮಾಡಿಕೊಡುತ್ತದೆ. ಆರ್ಕೈವಿಗೆ ಮಿತಿಗಳೂ ಇವೆ. ಲಾಗಿನ್ ಆಗಿ ನೋಡಬೇಕಾದ ಪುಟಗಳು ಅಲ್ಲಿ ಸಿಗುವುದಿಲ್ಲ, ತಾಣದ ಒಡೆಯರು ಕೇಳಿಕೊಂಡರೆ ಪ್ರತಿಗಳನ್ನು ತೆಗೆಯುವುದೂ ಉಂಟು. 2024ರ ಅಕ್ಟೋಬರಿನಲ್ಲಿ ಸೈಬರ್ ದಾಳಿಗೆ ಸಿಕ್ಕಿ ಆರ್ಕೈವ್ ಕೆಲವು ದಿನ ಸ್ಥಗಿತವಾಯಿತು. ಹಾಗಾಗಿ ಸ್ವಂತದ್ದೊಂದು, ಆರ್ಕೈವಿನದ್ದೊಂದು, ಎರಡೂ ಬೇಕು.

ಕನ್ನಡ ಪುಟಗಳ ಪಾಡು

ಇಂಗ್ಲಿಷ್ ಪುಟಗಳಿಗೆ ಬರೆದ ಸಲಹೆಗಳನ್ನು ಕನ್ನಡಕ್ಕೆ ಹಾಗೇ ಅನ್ವಯಿಸಿದರೆ ಕೈ ಕೊಡುತ್ತವೆ. ಯುನಿಕೋಡಿನ ಮೊದಲ ಆವೃತ್ತಿಯಲ್ಲೇ, 1991ರಲ್ಲಿ, ಕನ್ನಡಕ್ಕೆ ಜಾಗ ಸಿಕ್ಕಿತ್ತು. ಆದರೆ ಮನೆಮನೆಯ ಕಂಪ್ಯೂಟರಿಗೆ ಅದು ಬಂದದ್ದು 2001ರ ವಿಂಡೋಸ್ ಎಕ್ಸ್‌ಪಿಯ ನಂತರ. ಕನ್ನಡದ ಜಾಲಪತ್ರಿಕೆಗಳು ಅದಕ್ಕೂ ಮೊದಲೇ ಹುಟ್ಟಿದ್ದವು. ಯು.ಬಿ. ಪವನಜ ಅವರ ‘ವಿಶ್ವಕನ್ನಡ’ 1996ರದು. ಆ ಕಾಲದ ತಾಣಗಳು ರೋಮನ್ ಅಕ್ಷರಗಳ ಸಂಕೇತಸ್ಥಾನದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ ಫಾಂಟುಗಳನ್ನು ನೆಚ್ಚಿದ್ದವು. ಅಂಥ ಪುಟದ ಪ್ರತಿ ಇಂದು ಒಂದು ಬೈಟೂ ಕೆಡದೆ ಉಳಿದಿದ್ದರೂ ಫಾಂಟ್ ಇಲ್ಲದೆ ತೆರೆದರೆ ರೋಮನ್ ಅಕ್ಷರ, ಚಿಹ್ನೆಗಳ ರಾಶಿಯಷ್ಟೇ ಕಾಣುತ್ತದೆ. ‘ನುಡಿ’, ‘ಬರಹ’ದಂಥ ತಂತ್ರಾಂಶಗಳ ಹೆಚ್ಚು ಬಳಕೆಯ ಸಂಕೇತಗಳಿಂದ ಯುನಿಕೋಡಿಗೆ ಬದಲಿಸುವ ಪರಿವರ್ತಕಗಳಿವೆ. ಒಂದೇ ಸಂಸ್ಥೆ ಬಳಸಿದ ಫಾಂಟಾದರೆ ಆ ದಾರಿಯೂ ಇರುವುದಿಲ್ಲ. ಹಳೆಯ ಪುಟ ಸಿಕ್ಕಾಗ ಫಾಂಟನ್ನೂ ಪಕ್ಕದಲ್ಲಿಟ್ಟುಕೊಳ್ಳಬೇಕು.

ಪಿಡಿಎಫ್ ತೊಡಕು ಇಂದಿನದು. ಕಣ್ಣಿಗೆ ಸೊಗಸಾಗಿ ಕಾಣುವ ಕನ್ನಡ ಪಿಡಿಎಫ್‌ನಿಂದ ಒಂದು ಸಾಲು ನಕಲಿಸಿ ಬೇರೆಡೆ ಅಂಟಿಸಿ ನೋಡಿ. ಒತ್ತಕ್ಷರ ಕಳಚಿ, ಗುಣಿತ ಹಿಂದುಮುಂದಾಗಿರುವುದು ಎಷ್ಟೋ ಸಲ ಕಾಣುತ್ತದೆ. ಪಿಡಿಎಫ್ ಅಕ್ಷರದ ಆಕಾರವನ್ನು ಎಲ್ಲಿ ಕೂರಿಸಬೇಕೆಂದು ನೆನಪಿಡುತ್ತದೆ. ಒಂದು ವ್ಯಂಜನಕ್ಕೆ ಒತ್ತು, ಸ್ವರಚಿಹ್ನೆಗಳು ಮೇಲೆ ಕೆಳಗೆ ಪಕ್ಕದಲ್ಲಿ ಕೂರುವ ನಮ್ಮ ಲಿಪಿಯಲ್ಲಿ ಆಕಾರದ ಸರಣಿಯೂ ಅಕ್ಷರದ ಸರಣಿಯೂ ಒಂದೇ ಅಲ್ಲ. ಆದ್ದರಿಂದ ಹುಡುಕಿದ ಪದ ಎದುರಿಗೇ ಇದ್ದರೂ ‘ಸಿಗಲಿಲ್ಲ’ ಎಂಬ ಉತ್ತರ ಬರುತ್ತದೆ. ಕನ್ನಡ ಲೇಖನವನ್ನು ಎಚ್‌ಟಿಎಂಎಲ್ ಆಗಿ ಇಡುವುದೇ ಮೇಲು ಎನ್ನುವುದಕ್ಕೆ ಇದು ದೊಡ್ಡ ಕಾರಣ.

ವಿಳಾಸದ ಕಥೆಯೂ ಬೇರೆ. ಕನ್ನಡ ವಿಕಿಪೀಡಿಯದ ವಿಳಾಸವನ್ನು ನಕಲಿಸಿದರೆ ಪ್ರತಿ ಕನ್ನಡ ಸಂಕೇತವೂ ಶೇಕಡಾ ಚಿಹ್ನೆ, ಅಂಕಿಗಳು ಕೂಡಿದ ಒಂಬತ್ತು ಅಕ್ಷರಗಳಾಗಿ ಹಿಗ್ಗಬಹುದು. ‘ಕನ್ನಡ’ ಎಂಬ ಪದದಲ್ಲಿರುವ ಐದು ಸಂಕೇತಗಳು 45 ಅಕ್ಷರಗಳಾಗುತ್ತವೆ. ಅಂಥ ಪಟ್ಟಿಯನ್ನು ಕಣ್ಣಾಡಿಸಿ ಯಾವುದು ಯಾವುದೆಂದು ಹೇಳಲಾಗದು. ಕನ್ನಡದ ಕೊಂಡಿಯ ಪಕ್ಕ ಶೀರ್ಷಿಕೆಯನ್ನು ಬರೆದಿಡಲೇಬೇಕು.

ಹುಡುಕುವಾಗಲೂ ಎಚ್ಚರ ಬೇಕು. ‘ಊರು’ ಎಂದು ಹುಡುಕಿದರೆ ‘ಊರಿನ’, ‘ಊರಲ್ಲಿ’ ಸಿಗುವುದಿಲ್ಲ. ಕೊನೆಯ ಸ್ವರ ಬಿಟ್ಟು ‘ಊರ’ ಎಂದರೆ ಮೂರೂ ಸಿಗುತ್ತವೆ. ಕೆಲವರು ‘ಇಂಟರ್‌ನೆಟ್’ ಎಂದು ಬಿಡಿಸಿ, ಕೆಲವರು ‘ಇಂಟರ್ನೆಟ್’ ಎಂದು ಒತ್ತು ಕೊಟ್ಟು ಬರೆಯುತ್ತಾರೆ. ಬಿಡಿಸಿ ಬರೆದದ್ದರ ನಡುವೆ ಕಾಣದ ಸಂಕೇತವೊಂದು ಕೂತಿರುತ್ತದೆ, ಸಾಮಾನ್ಯ ಹುಡುಕಾಟಕ್ಕೆ ಅವು ಎರಡು ಬೇರೆ ಪದಗಳು.

ಜೋಡಿಸುವ ಬಗೆ

ವಾಷಿಂಗ್ಟನ್ ವಿಶ್ವವಿದ್ಯಾಲಯದ ವಿಲಿಯಂ ಜೋನ್ಸ್ ಮತ್ತು ಸಂಗಡಿಗರು ಈ ಶತಮಾನದ ಆರಂಭದಲ್ಲೇ ಜನ ಪುಟಗಳನ್ನು ಹೇಗೆ ಇಟ್ಟುಕೊಳ್ಳುತ್ತಾರೆಂದು ಗಮನಿಸಿದ್ದರು. ಬುಕ್‌ಮಾರ್ಕ್ ಇದ್ದರೂ ಜನ ತಮಗೆ ತಾವೇ ಇಮೇಲ್ ಕಳಿಸಿಕೊಳ್ಳುತ್ತಿದ್ದರು, ಮುದ್ರಿಸಿಕೊಳ್ಳುತ್ತಿದ್ದರು. ಎಷ್ಟೋ ಸಲ ಏನನ್ನೂ ಮಾಡದೆ ಮತ್ತೆ ಹುಡುಕುತ್ತಿದ್ದರು. ಇಂದು ಇಮೇಲಿನ ಜಾಗದಲ್ಲಿ ವಾಟ್ಸ್‌ಆ್ಯಪ್ ಇದೆ. ಒಬ್ಬರೇ ಇರುವ ಗುಂಪು ಮಾಡಿಕೊಂಡು ಕೊಂಡಿಗಳನ್ನು ಸುರಿಯುವುದು ನಮ್ಮಲ್ಲಿ ಸಾಮಾನ್ಯವಾಗಿತ್ತು, 2022ರ ಕೊನೆಯಲ್ಲಿ ಆ ಕಂಪನಿಯೇ ತನಗೆ ತಾನೇ ಸಂದೇಶ ಕಳಿಸಿಕೊಳ್ಳುವ ಸೌಲಭ್ಯ ತಂದಿತು. ಜನ ಹೀಗೆ ಮಾಡುವುದಕ್ಕೆ ಕಾರಣವಿದೆ. ಇಮೇಲ್, ವಾಟ್ಸ್‌ಆ್ಯಪ್ ದಿನವೂ ತೆರೆಯುವ ಜಾಗ, ಪಕ್ಕದಲ್ಲಿ ಒಂದು ಮಾತು ಬರೆಯಲೂ ಬರುತ್ತದೆ. ಬುಕ್‌ಮಾರ್ಕಿನ ಪೆಟ್ಟಿಗೆಯಲ್ಲಿ ಇವೆರಡೂ ಇಲ್ಲ.

ಫೋಲ್ಡರೋ ಟ್ಯಾಗೋ ಎಂಬ ಜಗಳ ಗ್ರಂಥಾಲಯಗಳಿಗೆ ಹಳೆಯದು. ಒಂದು ಪುಸ್ತಕ ಕಪಾಟಿನ ಒಂದೇ ಜಾಗದಲ್ಲಿರಬಲ್ಲದು, ಆದರೆ ಅದರ ವಿಷಯಕ್ಕೆ ಹಲವು ಮುಖ. ಈ ಸಮಸ್ಯೆಗೆ ಎಸ್.ಆರ್. ರಂಗನಾಥನ್ 1933ರ ಕೋಲನ್ ವರ್ಗೀಕರಣದಲ್ಲಿ ಉತ್ತರ ಹುಡುಕಿದರು. ವಿಷಯವನ್ನು ವಸ್ತು, ಕ್ರಿಯೆ, ಸ್ಥಳ, ಕಾಲ ಎಂಬಂಥ ಮುಖಗಳಾಗಿ ಬಿಡಿಸಿ ಮತ್ತೆ ಕೂಡಿಸುವ ಬಗೆ ಅದು. 1962ರಲ್ಲಿ ಅವರು ಬೆಂಗಳೂರಿನಲ್ಲಿ ಕಟ್ಟಿದ ದಾಖಲಾತಿ ಸಂಶೋಧನೆ ಮತ್ತು ತರಬೇತಿ ಕೇಂದ್ರ ಇಂದಿಗೂ ನಡೆಯುತ್ತಿದೆ. ಟ್ಯಾಗ್ ಬರೆಯುವಾಗ ಈ ಶಿಸ್ತು ನೆರವಿಗೆ ಬರುತ್ತದೆ. ಕೆರೆ ಹೂಳೆತ್ತುವ ಬಗೆಗಿನ ವರದಿಗೆ ‘ಕೆರೆ’, ‘ಹೂಳು’, ‘ಕೋಲಾರ’, ‘2018’ ಎಂದು ನಾಲ್ಕು ಮುಖ ಬರೆದರೆ ಯಾವ ದಿಕ್ಕಿನಿಂದ ಬಂದರೂ ಸಿಗುತ್ತದೆ. ‘ಆಸಕ್ತಿಕರ’, ‘ಮುಖ್ಯ’ ಎಂಬ ಟ್ಯಾಗುಗಳು ಒಂದು ತಿಂಗಳಿಗೆ ಅರ್ಥ ಕಳೆದುಕೊಳ್ಳುತ್ತವೆ.

ಫೈಲಿನ ಹೆಸರಿನಲ್ಲೇ ದಿನಾಂಕ, ತಾಣ, ಶೀರ್ಷಿಕೆ ಇದ್ದರೆ ಯಾವ ತಂತ್ರಾಂಶ ಹೋದರೂ ಸಂಗ್ರಹ ನಿಲ್ಲುತ್ತದೆ. ಎಲ್ಲಕ್ಕಿಂತ ಹೆಚ್ಚು ಉಪಯೋಗ ಬರುವುದು, ಇದನ್ನು ಯಾಕೆ ಇಟ್ಟೆ ಎಂದು ಬರೆದ ಒಂದು ಸಾಲು. ಆ ಸಾಲು ಬರೆಯಲು ಬರದಿದ್ದರೆ ಆ ಪುಟ ಆಧಾರದ ಸಂಗ್ರಹಕ್ಕೆ ಸೇರಬೇಕಾದ್ದಲ್ಲ.

ಕಾನೂನು ಏನನ್ನುತ್ತದೆ?

ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮು ಸಂಶೋಧನೆಯೂ ಸೇರಿದಂತೆ ಖಾಸಗಿ ಬಳಕೆಗೆ, ವಿಮರ್ಶೆಗೆ, ಪ್ರಚಲಿತ ಘಟನೆಗಳ ವರದಿಗೆ ಕೃತಿಯನ್ನು ನ್ಯಾಯವಾಗಿ ಬಳಸಲು ಅವಕಾಶ ಕೊಡುತ್ತದೆ. ಓದಲು ಪ್ರತಿ ಇಟ್ಟುಕೊಳ್ಳುವುದು ಬೇರೆ, ಅದನ್ನು ತನ್ನ ತಾಣದಲ್ಲಿ ಮತ್ತೆ ಹಾಕುವುದು ಬೇರೆ. ನ್ಯಾಯಾಲಯಕ್ಕೆ ಸಾಕ್ಷ್ಯವಾಗಿ ಕೊಡಬೇಕಾದರೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕು. ಅದರ ನಮೂನೆಯಲ್ಲಿ ಫೈಲಿನ ಹ್ಯಾಷ್ ಮೌಲ್ಯ, ಅಂದರೆ ಒಂದಕ್ಷರ ತಿದ್ದಿದರೂ ಬದಲಾಗುವ ಗುರುತುಸಂಖ್ಯೆ, ನಮೂದಿಸಬೇಕು. ಬರೀ ಸ್ಕ್ರೀನ್‌ಶಾಟ್ ಹಿಡಿದು ಹೋದರೆ ಸಾಲದು.

ಓದದೆ ಉಳಿಯುವ ರಾಶಿ

ಉಳಿಸುವುದರಿಂದ ನೆನಪು ಕುಗ್ಗುತ್ತದೆಯೇ? ಬೆಟ್ಸಿ ಸ್ಪ್ಯಾರೊ ಮತ್ತು ಸಂಗಡಿಗರು 2011ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ವರದಿ ಮಾಡಿದ ಪ್ರಯೋಗಗಳಲ್ಲಿ, ಮಾಹಿತಿ ಮುಂದೆ ಸಿಗುತ್ತದೆ ಎಂದು ನಂಬಿದವರು ಅದನ್ನು ಕಡಿಮೆ ನೆನಪಿಟ್ಟರು. 2015ರಲ್ಲಿ ಬೆಂಜಮಿನ್ ಸ್ಟಾರ್ಮ್ ಮತ್ತು ಶಾನ್ ಸ್ಟೋನ್ ಇದರ ಇನ್ನೊಂದು ಮಗ್ಗುಲು ತೋರಿಸಿದರು. ಒಂದು ಫೈಲನ್ನು ಉಳಿಸಿದ ಮೇಲೆ ಜನ ಮುಂದಿನ ಫೈಲನ್ನು ಹೆಚ್ಚು ಚೆನ್ನಾಗಿ ನೆನಪಿಟ್ಟರು, ಉಳಿದಿದೆ ಎಂಬ ನಂಬಿಕೆ ಇದ್ದರೆ ಮಾತ್ರ. ಉಳಿಸುವುದು ಮನಸ್ಸಿನ ಭಾರ ಇಳಿಸುವುದು ನಿಜ. ಇಳಿಸಿದ್ದನ್ನು ಮತ್ತೆ ಎತ್ತಿಕೊಳ್ಳದಿದ್ದರೆ ಅದು ಮರೆವೇ. ಹಾಗಾಗಿ ಓದುವ ಪಟ್ಟಿಗೆ ಗಡುವು ಹಾಕುವುದು ಒಳ್ಳೆಯದು. ತಿಂಗಳಾದರೂ ಓದದ ಲೇಖನವನ್ನು ಅಳಿಸಿದರೆ ಕಳೆದುಕೊಳ್ಳುವುದು ಕಡಿಮೆ. ಆಧಾರದ ಸಂಗ್ರಹಕ್ಕೆ ಮಾತ್ರ ಈ ಗಡುವು ಸಲ್ಲದು.

ಯಾರ ಹೊಣೆ?

ಭಾರತದಲ್ಲಿ ಪ್ರಕಟವಾದ ಪುಸ್ತಕದ ಪ್ರತಿಗಳನ್ನು ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯವೂ ಸೇರಿದಂತೆ ಸಾರ್ವಜನಿಕ ಗ್ರಂಥಾಲಯಗಳಿಗೆ ಕಳಿಸಬೇಕೆಂದು 1954ರ ಕಾಯ್ದೆ ಹೇಳುತ್ತದೆ. ಪತ್ರಿಕೆಗಳೂ ಆಮೇಲೆ ಅದರಲ್ಲಿ ಸೇರಿದವು. ಜಾಲಪುಟ ಆ ಕಾಯ್ದೆ ಬರೆದವರ ಕಲ್ಪನೆಯಲ್ಲೂ ಇರಲಿಲ್ಲ. ಬ್ರಿಟನ್ 2013ರಿಂದ ತನ್ನ ದೇಶದ ತಾಣಗಳನ್ನು ಕಾನೂನಿನ ಬಲದಿಂದಲೇ ಗ್ರಂಥಾಲಯಗಳಿಗೆ ಸೇರಿಸುತ್ತಿದೆ. ಕನ್ನಡದ ಬ್ಲಾಗು, ಜಾಲಪತ್ರಿಕೆ, ಪಂಚಾಯಿತಿಯ ಪುಟಗಳ ಹಳೆಯ ಪ್ರತಿ ಇಂದು ಸಿಗುವುದಿದ್ದರೆ ಬಹುಮಟ್ಟಿಗೆ ಸ್ಯಾನ್ ಫ್ರಾನ್ಸಿಸ್ಕೊದ ಒಂದು ಸಂಸ್ಥೆಯಲ್ಲಿ, ಅದೂ ಯಾರೋ ಆ ವಿಳಾಸವನ್ನು ಅದಕ್ಕೆ ಕೊಟ್ಟಿದ್ದರೆ ಅಥವಾ ಅದರ ಯಂತ್ರ ಆ ಕಡೆ ಹಾದಿದ್ದರೆ.

ಈ ಹೊಣೆ ಗ್ರಂಥಾಲಯಗಳದು, ವಿಶ್ವವಿದ್ಯಾಲಯಗಳದು. ಅವು ಎಚ್ಚೆತ್ತುಕೊಳ್ಳುವವರೆಗೆ ಓದುಗರ ಪ್ರತಿಗಳೇ ಗತಿ. ಒಂದು ಕನ್ನಡ ಲೇಖನ ಆಧಾರವಾಗುವಷ್ಟು ಮುಖ್ಯ ಎನಿಸಿದಾಗ ಮಾಡಬೇಕಾದದ್ದು ಹೆಚ್ಚೇನಿಲ್ಲ: ಎಚ್‌ಟಿಎಂಎಲ್ ಪ್ರತಿಯೊಂದನ್ನು ನಮ್ಮ ಡಿಸ್ಕಿನಲ್ಲಿಟ್ಟು, ವಿಳಾಸವನ್ನು ಆರ್ಕೈವಿಗೆ ಕೊಟ್ಟು, ಯಾಕೆ ಇಟ್ಟೆ ಎಂಬ ಸಾಲನ್ನು ಬರೆಯುವುದು. ಉಳಿದ ಕೊಂಡಿಗಳನ್ನು ಓದಿ ಬಿಟ್ಟುಬಿಡಬಹುದು.